ಓದದೆ ಉಳಿದ 1,300 ಪೇಪರ್‌ಗಳು

(ಗುರುತು ಸಿಗದಂತೆ ಹೆಸರನ್ನೂ ಕೆಲವು ವಿವರಗಳನ್ನೂ ಬದಲಿಸಿದ್ದೇನೆ. ಬರೆಯುವುದಕ್ಕೆ ಅವರ ಒಪ್ಪಿಗೆ ಇದೆ.)

ಇಳಾ ಪಿಎಚ್.ಡಿ. ಎರಡನೇ ವರ್ಷದಲ್ಲಿದ್ದರು. ನಿದ್ದೆ ಬರುತ್ತಿಲ್ಲ ಎಂದು ಆಪ್ತಸಲಹೆಗೆ ನನ್ನ ಬಳಿ ಬಂದಿದ್ದರು. ಮೊದಲ ದಿನ ನಿದ್ದೆಯ ಬಗ್ಗೆಯೇ ಮಾತಾಡಿದರು. ಹೊರಡುವ ಹೊತ್ತಿಗೆ, "ಮೇಡಂ, ನನ್ನ ಲ್ಯಾಪ್‌ಟಾಪ್‌ನಲ್ಲಿ 1,300 ಪೇಪರ್ ಇವೆ. ಪೂರ್ತಿ ಓದಿರೋದು ಆರೋ ಏಳೋ" ಎಂದರು. ಅಷ್ಟು ಹೇಳುವಷ್ಟರಲ್ಲಿ ಕಣ್ಣು ತುಂಬಿಕೊಂಡಿತ್ತು.

ದಿನಾ ರಾತ್ರಿ ಕೂತು ಪೇಪರ್‌ಗಳನ್ನು, ಅಂದರೆ ಜರ್ನಲ್‌ಗಳಲ್ಲಿ ಬರುವ ಸಂಶೋಧನಾ ಲೇಖನಗಳನ್ನು, ಡೌನ್‌ಲೋಡ್ ಮಾಡುತ್ತಿದ್ದರು. ಆ ಹೊತ್ತಿಗೆ ಏನೋ ಕೆಲಸ ಆಯಿತು ಎಂಬ ಸಮಾಧಾನ. ಬೆಳಿಗ್ಗೆ ಒಂದನ್ನು ತೆರೆದರೆ ಎರಡನೇ ಪುಟಕ್ಕೇ ಓದು ನಿಂತುಬಿಡುತ್ತಿತ್ತು. ಲ್ಯಾಬ್‌ನಲ್ಲಿ ಎಲ್ಲರಿಗೂ ಅರ್ಥವಾಗುತ್ತದೆ, ನನಗೊಬ್ಬಳಿಗೇ ಆಗಲ್ಲ ಎಂಬ ನಂಬಿಕೆ ಗಟ್ಟಿಯಾಗಿತ್ತು. ಎಲ್ಲರೂ ಕೂತು ಒಂದು ಪೇಪರ್ ಚರ್ಚಿಸುವ ಜರ್ನಲ್ ಕ್ಲಬ್‌ನಲ್ಲಿ 14 ತಿಂಗಳಿಂದ ಒಂದು ಪ್ರಶ್ನೆಯನ್ನೂ ಕೇಳಿರಲಿಲ್ಲ.

ಎರಡನೇ ಭೇಟಿಯಲ್ಲಿ ಇನ್ನೊಂದು ವಿಷಯ ಗೊತ್ತಾಯಿತು. ಅವರಿಗೆ ನಿಜವಾಗಿ ಬೇಕಾಗಿದ್ದ ಪೇಪರ್‌ಗಳು ಆ ರಾಶಿಯಲ್ಲಿ ಇರಲೇ ಇಲ್ಲ! ಅವು ದುಡ್ಡು ಕೊಟ್ಟು ತೆರೆಯಬೇಕಾದ ಜರ್ನಲ್‌ಗಳಲ್ಲಿದ್ದವು. ಅವರ ಲೈಬ್ರರಿ ಅವುಗಳಿಗೆ ಚಂದಾ ಕಟ್ಟಿರಲಿಲ್ಲ. ಬೇಕಾದ್ದು ಸಿಗದಾಗ, ಅದರ ಹತ್ತಿರದ್ದು ಯಾವುದು ಸಿಕ್ಕಿತೋ ಅದನ್ನು ತುಂಬಿಕೊಳ್ಳುತ್ತಿದ್ದರು. "ಬರೆದವರನ್ನೇ ಕೇಳಿದಿರಾ?" ಎಂದೆ. "ಅಯ್ಯೋ, ಭಿಕ್ಷೆ ಬೇಡಿದ ಹಾಗೆ ಅಲ್ವಾ?" ಎಂದರು. ಲೈಬ್ರೇರಿಯನ್ ಜತೆಗೂ ಒಂದು ಮಾತು ಆಡಿರಲಿಲ್ಲ.

ಪೇಪರ್ ಸಿಗದಿರುವುದು, ಸಿಕ್ಕಿದ್ದು ಅರ್ಥವಾಗದಿರುವುದು, ಎರಡರ ಬೇರೂ ಒಂದೇ ಎಂದು ನನಗೆ ಅನಿಸಿದ್ದು ಆಗ. ಕೇಳಿದರೆ ತನ್ನ ದಡ್ಡತನ ಬಯಲಾಗುತ್ತದೆ ಎಂಬ ಭಯ ಅದು.

ಹಾಗಾಗಿ ಪೇಪರ್ ಕೇಳುವುದರಿಂದಲೇ ಶುರುಮಾಡಿದೆವು. ಅಲ್ಲಿ ಸೋಲುವ ಭಯ ಕಡಿಮೆ. ಸಂಶೋಧಕರು ತಮ್ಮ ಪೇಪರ್ ಬೇರೆಯವರಿಗೆ ಕಳಿಸಿಕೊಡುವುದು ಹೊಸದೇನಲ್ಲ. ಇಂಟರ್‌ನೆಟ್ ಬರುವ ಮೊದಲು ಅದಕ್ಕೆಂದೇ ಅಚ್ಚು ಹಾಕಿಸಿದ ಪೋಸ್ಟ್‌ಕಾರ್ಡ್‌ಗಳು ಇದ್ದವು. ಜರ್ನಲ್ ಲೇಖನ ಬರೆದವರಿಗೆ ಸಾಮಾನ್ಯವಾಗಿ ಸಂಭಾವನೆ ಸಿಗುವುದಿಲ್ಲ. ತಮ್ಮ ಕೆಲಸವನ್ನು ಯಾರಾದರೂ ಓದಲಿ ಎಂಬ ಆಸೆ ಮಾತ್ರ ಇರುತ್ತದೆ. ಮೂರು ಸಾಲಿನ ಇಮೇಲ್ ಸಾಕು ಎಂದೆ. ನಾನು ಯಾರು, ಯಾವ ಪೇಪರ್ ಬೇಕು, ಯಾಕೆ ಬೇಕು, ಅಷ್ಟೇ.

ಆಮೇಲೆ ಲೈಬ್ರೇರಿಯನ್ ಹತ್ತಿರ ಕಳಿಸಿದೆ. ಬೇರೆ ಲೈಬ್ರರಿಯಿಂದ ಎರವಲು ತರಿಸಬಹುದು ಎಂಬುದು ಇಳಾಗೆ ಅಲ್ಲಿಯೇ ತಿಳಿದದ್ದು. ಬ್ರೌಸರ್‌ಗೆ ಅನ್‌ಪೇವಾಲ್ (Unpaywall) ಎಂಬ ಪುಟ್ಟ ಉಪಕರಣ ಹಾಕಿಕೊಂಡರೆ ಕಾನೂನುಬದ್ಧವಾದ ಉಚಿತ ಪ್ರತಿ ಎಲ್ಲಾದರೂ ಇದ್ದರೆ ಅದೇ ತೋರಿಸುತ್ತದೆ. ಪೇಪರ್‌ಗಳನ್ನು ಉಚಿತವಾಗಿ ಓದಲು 1991ರಲ್ಲಿ ಶುರುವಾದ ಆರ್ಕೈವ್ (arXiv) ಎಂಬ ಜಾಲತಾಣ ಇದೆ, ವೈದ್ಯಕೀಯ, ಜೀವವಿಜ್ಞಾನದ ಪೇಪರ್‌ಗಳಿಗೆ 2000ದಿಂದ ಪಬ್‌ಮೆಡ್ ಸೆಂಟ್ರಲ್ ಇದೆ. ಆರ್ಕೈವ್‌ನಲ್ಲಿ ಇರುವುದು ಹೆಚ್ಚಾಗಿ ಬೇರೆ ತಜ್ಞರ ಪರಿಶೀಲನೆಗೆ ಮೊದಲಿನ ಕರಡು, ಅದನ್ನು ನೆನಪಿಟ್ಟುಕೊಂಡೇ ಓದಬೇಕು.

ಓದಿನ ವಿಷಯಕ್ಕೆ ಜಾಸ್ತಿ ದಿನ ಹಿಡಿಯಿತು. ಎರಡು ವಾರ ಹೊಸ ಪೇಪರ್ ಇಳಿಸಿಕೊಳ್ಳಬೇಡಿ ಎಂದೆ. ಇದ್ದುದರಲ್ಲಿ ಒಂದನ್ನು ಆರಿಸಿ, ಮೊದಲ ಸಾಲಿನಿಂದ ಕೊನೆಯವರೆಗೆ ಕಥೆಯ ಹಾಗೆ ಓದಬೇಡಿ ಎಂದೂ ಹೇಳಿದೆ. ಮೊದಲು ಸಾರಾಂಶ, ಆಮೇಲೆ ಚಿತ್ರ, ಕೋಷ್ಟಕ, ಆಮೇಲೆ ಕೊನೆಯ ಚರ್ಚೆ. ವಿಧಾನದ ಭಾಗ ಅಗತ್ಯವಿದ್ದರೆ ಮಾತ್ರ. ಓದಿದ ಮೇಲೆ ಕನ್ನಡದಲ್ಲೇ ನಾಲ್ಕು ಸಾಲು: ಇವರು ಏನು ಕೇಳಿದರು, ಹೇಗೆ ನೋಡಿದರು, ಏನು ಸಿಕ್ಕಿತು, ನನಗೆ ಅರ್ಥವಾಗದ ಜಾಗ ಯಾವುದು. ಕೊನೆಯ ಸಾಲನ್ನು ಖಾಲಿ ಬಿಡುವ ಹಾಗಿಲ್ಲ ಎಂದು ಒತ್ತಿ ಹೇಳಿದ್ದೆ.

ಆ ಕೊನೆಯ ಸಾಲು ಒಂದು ದಿನ ಕೆಲಸಕ್ಕೆ ಬಂತು. ಒಂದು ಪೇಪರ್‌ನಲ್ಲಿ ಪ್ರಯೋಗದ ಮಾದರಿ (ಸ್ಯಾಂಪಲ್) ತಯಾರಿಸಿದ ಬಗೆ ಎಷ್ಟು ಓದಿದರೂ ತಿಳಿಯಲಿಲ್ಲ. "ಹಿಂದೆ ವಿವರಿಸಿದಂತೆ" ಎಂದು ಇನ್ನೊಂದು ಪೇಪರಿನ ಹೆಸರಿತ್ತು. ಅದನ್ನು ತೆರೆದರೆ ಅದೂ ಮತ್ತೊಂದರ ಕಡೆ ಕೈ ತೋರಿಸುತ್ತಿತ್ತು. ಹೀಗೆ ಹಿಂದೆ ಹಿಂದೆ ಹೋಗಿ 1980ರ ದಶಕದ ಒಂದು ಲೇಖನಕ್ಕೆ ಮುಟ್ಟಿದರು. ವಿಧಾನ ಇದ್ದದ್ದು ಅದರಲ್ಲಿ. ಓದುವವರ ತಲೆಯಲ್ಲಿ ಕೊರತೆ ಇರಲಿಲ್ಲ, ಕಾಗದದ ಮೇಲೆಯೇ ವಿಷಯ ಇರಲಿಲ್ಲ. ಆ ಹಳೆಯ ಲೇಖನದ ಪ್ರತಿ ಕೇಳಿ ಅದನ್ನು ಬರೆದವರಿಗೆ ಇಳಾ ಇಮೇಲ್ ಮಾಡಿದರು, ನಾಲ್ಕನೇ ದಿನ ಸ್ಕ್ಯಾನ್ ಮಾಡಿದ ಪ್ರತಿ ಬಂತು. ಜತೆಗೆ, ತೊಂದರೆಯಾದರೆ ಮತ್ತೆ ಬರೆಯಿರಿ ಎಂಬ ಒಂದು ಸಾಲೂ ಇತ್ತು.

ನನ್ನ ಮುಂದೆ ಆ ಇಮೇಲ್ ಓದಿದಾಗ ಅವರ ದನಿ ನಡುಗಿತು. ನನಗೂ ತುಂಬಾ ಖುಷಿಯಾಯಿತು.

ಆ ವಾರದ ಜರ್ನಲ್ ಕ್ಲಬ್‌ನಲ್ಲಿ ಇಳಾ ಮೊದಲ ಬಾರಿಗೆ, "ಈ ಮೂರನೇ ಚಿತ್ರ ನನಗೆ ಅರ್ಥವಾಗಲಿಲ್ಲ" ಎಂದರು. ಕೂಡಲೇ ಉತ್ತರ ಕೊಡಲು ಅವರ ಗೈಡ್‌ಗೂ ಆಗಲಿಲ್ಲವಂತೆ. ಎಲ್ಲರೂ ಸೇರಿ ಪೇಪರಿನ ಜತೆಗಿದ್ದ ಪೂರಕ ಫೈಲ್ ತೆರೆದು ಹುಡುಕಿದರಂತೆ.

ನಿದ್ದೆಗೆ ಬೇರೆಯೇ ಸಲಹೆ ಕೊಟ್ಟೆ. ಮಲಗುವ ಒಂದು ಗಂಟೆ ಮೊದಲು ಲ್ಯಾಪ್‌ಟಾಪ್ ಮುಚ್ಚಬೇಕು. ಮೂರು ವಾರದಲ್ಲಿ ಸರಿಹೋಗದಿದ್ದರೆ, ಊಟ ಸೇರದಿದ್ದರೆ, ಬದುಕೇ ಬೇಡ ಅನಿಸಿದರೆ ತಡಮಾಡದೆ ವೈದ್ಯರನ್ನು ಕಾಣಬೇಕು ಎಂದೂ ಹೇಳಿದ್ದೆ. ಅದರ ಅಗತ್ಯ ಬೀಳಲಿಲ್ಲ.

ಈಗ ತಿಂಗಳಿಗೊಮ್ಮೆ ಬರುತ್ತಾರೆ. ನಾಲ್ಕು ಸಾಲಿನ ಟಿಪ್ಪಣಿ 19 ಪೇಪರ್‌ಗಳಿಗೆ ಆಗಿದೆ. ಆ 1,300ರ ಫೋಲ್ಡರನ್ನು ಅಳಿಸಲು ಇನ್ನೂ ಮನಸ್ಸು ಬಂದಿಲ್ಲ, ನಾನೂ ಒತ್ತಾಯಿಸಿಲ್ಲ. ಆರಿಸಿಕೊಂಡ ವಿಷಯವನ್ನು ಸ್ವಲ್ಪ ಕಿರಿದು ಮಾಡಬೇಕು ಎಂದು ಗೈಡ್‌ಗೆ ಹೇಳುವುದು ಬಾಕಿ ಇದೆ. ಮುಂದಿನ ಭೇಟಿಯಲ್ಲಿ ಆ ಮಾತನ್ನು ನನ್ನ ಜತೆ ಒಮ್ಮೆ ಆಡಿ ನೋಡುತ್ತಾರೆ.