ಹ್ಯೂಮಿಡಾರ್ ಕೊಳ್ಳುವ ಮೊದಲು ಒಂದು ಚಮಚ ಉಪ್ಪು ತೆಗೆದುಕೊಳ್ಳಿ

ಬೆಂಗಳೂರಿನಲ್ಲಿದ್ದೀರಿ, ಸಿಗಾರ್ ಸೇದುವುದನ್ನು ಹವ್ಯಾಸವಾಗಿ ಆರಂಭಿಸಬೇಕೆಂದಿದ್ದೀರಿ, 30 ಸಾವಿರ ರೂಪಾಯಿಯೊಳಗೆ ಯಾವ ಹ್ಯೂಮಿಡಾರ್ (ಸಿಗಾರ್‌ಗಳನ್ನು ಹದವಾದ ತೇವದಲ್ಲಿ ಕಾಪಾಡುವ ಪೆಟ್ಟಿಗೆ), ಸಿಗಾರಿನ ಯಾವ ಬಾಕ್ಸ್ ಕೊಳ್ಳಬೇಕೆಂದು ಕೇಳಿದ್ದೀರಿ. ಹೊಗೆಯನ್ನು ಎದೆಯೊಳಕ್ಕೆ ಎಳೆಯುವುದಿಲ್ಲವಾದ್ದರಿಂದ ಇದು ಸಿಗರೇಟಿನಷ್ಟು ಅಪಾಯಕಾರಿಯಲ್ಲ ತಾನೆ ಎಂದೂ ಸೇರಿಸಿದ್ದೀರಿ. 2018ರ ಮೇ ತಿಂಗಳಲ್ಲಿ ನನ್ನ ತಲೆಯಲ್ಲಿದ್ದವೂ ಇವೇ ಎರಡು ಪ್ರಶ್ನೆಗಳು. ಎರಡಕ್ಕೂ ನಾನು ತಪ್ಪು ಉತ್ತರವನ್ನೇ ಹಿಡಿದುಕೊಂಡಿದ್ದೆ.

ಆರು ವರ್ಷ ದುಬೈಯಲ್ಲಿ ದುಡಿದು, ಕೆಲಸ ಬಿಟ್ಟು ಮಂಗಳೂರಿಗೆ ಮರಳುತ್ತಿದ್ದೆ. ಅಲ್ಲಿ ಸ್ನೇಹಿತರ ಮನೆಯ ಔತಣಗಳಲ್ಲಿ ಐದಾರು ಸಲ ಸಿಗಾರ್ ಸೇದಿದ್ದೆ. ರಾತ್ರಿಯ ಊಟವಾದ ಮೇಲೆ ನಾಲ್ಕು ಜನ ಒಂದು ಗಂಟೆಯ ಕಾಲ ಮೊಬೈಲ್ ಮುಟ್ಟದೆ ಕುಳಿತು ಮಾತಾಡುವ ಆ ಕ್ರಮ ನನಗೆ ಬಹಳ ಹಿಡಿಸಿತ್ತು. ಊರಿಗೆ ಹೋದ ಮೇಲೂ ಅದು ಉಳಿಯಲಿ ಎಂಬ ಆಸೆಯಿಂದ, ವಿಮಾನ ಪ್ರಯಾಣಿಕರು ಸುಂಕವಿಲ್ಲದೆ 25 ಸಿಗಾರ್ ತರಬಹುದೆಂದು ತಿಳಿದು, ಡೊಮಿನಿಕನ್ ಗಣರಾಜ್ಯದಲ್ಲಿ ಸುತ್ತಿದ, ರೊಬಸ್ಟೊ ಎಂಬ ಗಿಡ್ಡ ದಪ್ಪ ಅಳತೆಯ 25 ಸಿಗಾರ್‌ಗಳ ಒಂದು ಬಾಕ್ಸನ್ನು ಸುಮಾರು 16 ಸಾವಿರ ರೂಪಾಯಿ ತೆತ್ತು ತಂದೆ. ಊರಿಗೆ ಬಂದ ವಾರದಲ್ಲೇ ಅಂತರ್ಜಾಲದಲ್ಲಿ ಒಂದು ಹ್ಯೂಮಿಡಾರ್ ತರಿಸಿದೆ. ಹೊಳೆಯುವ ಮರದ ಪೆಟ್ಟಿಗೆ, ಒಳಗೆ ಸ್ಪ್ಯಾನಿಷ್ ಸೀಡರ್‌ನ ತೆಳು ಹಲಗೆ, ನೀರು ಹೀರಿಡುವ ಒಂದು ಸ್ಪಂಜು, ಮುಚ್ಚಳದ ಮೇಲೆ ಹಿತ್ತಾಳೆಯ ಅಂಚಿರುವ ದುಂಡನೆಯ ತೇವಮಾಪಕ. ಸೀಡರ್ ಎಂಬುದು ಹೆಸರಿಗೆ ಮಾತ್ರ. ಆ ಮರ ನಮ್ಮ ಬೇವಿನ ಕುಟುಂಬಕ್ಕೆ ಸೇರಿದ್ದು. ಪೆಟ್ಟಿಗೆ ತೆರೆದಾಗ ಬಂದ ಅದರ ಪರಿಮಳಕ್ಕೇ ನಾನು ಅರ್ಧ ಮಾರುಹೋಗಿದ್ದೆ.

ನನ್ನ ತಪ್ಪು ಆ ದುಂಡನೆಯ ಮಾಪಕದಲ್ಲಿತ್ತು. ಅದರ ಮುಳ್ಳು ಸತ್ಯ ಹೇಳುತ್ತಿದೆಯೇ ಎಂದು ನಾನು ಪರೀಕ್ಷಿಸಲಿಲ್ಲ. ಇದೊಂದನ್ನು ಸ್ವಲ್ಪ ಉದ್ದಕ್ಕೆ ಹೇಳಲು ಅನುಮತಿ ಕೊಡಿ, ಏಕೆಂದರೆ ನನ್ನ 16 ಸಾವಿರ ರೂಪಾಯಿ ಹೋದದ್ದು ಈ ಒಂದೇ ತೂತಿನಿಂದ.

ಸಿಗಾರ್ ಇಡುವ ಜಾಗದ ಸಾಪೇಕ್ಷ ಆರ್ದ್ರತೆ, ಅಂದರೆ ಗಾಳಿ ಹಿಡಿಯಬಲ್ಲ ತೇವದಲ್ಲಿ ಈಗ ಇರುವ ಪಾಲು, ಸುಮಾರು 65ರಿಂದ 70 ಶೇಕಡ ಇರಬೇಕೆಂದು ಎಲ್ಲರೂ ಹೇಳುತ್ತಾರೆ. ನನ್ನ ಮಾಪಕ ಮೊದಲ ದಿನ 54 ತೋರಿಸಿತು. ಹೊಸ ಮರ ಒಣಗಿರುತ್ತದೆ, ಮೊದಲು ಅದೇ ನೀರು ಕುಡಿಯುತ್ತದೆ, ಮುಳ್ಳು ಏರಲು ಸಮಯ ಬೇಕು ಎಂದು ಓದಿದ್ದೆನಾದ್ದರಿಂದ ಅನುಮಾನ ಬರಲಿಲ್ಲ. ಸ್ಪಂಜಿಗೆ ನೀರು ಹಾಕಿದೆ. ಮರುದಿನ 56. ಮತ್ತೆ ನೀರು. ಜೂನ್ ಮೊದಲ ವಾರ ಮಳೆಗಾಲ ಹಿಡಿಯಿತು. ನಮ್ಮ ಕರಾವಳಿಯಲ್ಲಿ ಆ ದಿನಗಳಲ್ಲಿ ಹಗ್ಗದ ಮೇಲಿನ ಬಟ್ಟೆ ಮೂರು ದಿನವಾದರೂ ಒಣಗುವುದಿಲ್ಲ, ಉಪ್ಪಿನ ಭರಣಿಯಲ್ಲಿ ನೀರಾಡುತ್ತದೆ, ಕಪಾಟಿನ ಚರ್ಮದ ಬೆಲ್ಟಿಗೆ ಬೂಷ್ಟು ಹಿಡಿಯುತ್ತದೆ. ಇಷ್ಟೆಲ್ಲ ಕಣ್ಣೆದುರು ನಡೆಯುತ್ತಿರುವಾಗಲೂ ಮುಳ್ಳು 60 ಎಂದಿತು, ನಾನು ನಂಬಿದೆ, ದಿನಕ್ಕೊಂದು ಚಮಚ ನೀರು ಹಾಕುತ್ತಲೇ ಹೋದೆ. ಮನೆಯ ಗಾಳಿಯಲ್ಲೇ ಬೇಕಾದ್ದಕ್ಕಿಂತ ಹೆಚ್ಚು ತೇವವಿರುವಾಗ ಪೆಟ್ಟಿಗೆಗೆ ನೀರು ಏಕೆ ಬೇಕು ಎಂಬ ಪ್ರಶ್ನೆ ಒಮ್ಮೆಯೂ ಹೊಳೆಯಲಿಲ್ಲ.

ಜುಲೈ ತಿಂಗಳಲ್ಲಿ ಒಂದು ಸಂಜೆ ಊಟದ ಮೇಜಿನ ಮೇಲೆ ಪೆಟ್ಟಿಗೆ ತೆರೆದಿಟ್ಟಿದ್ದೆ. ನನ್ನ ತಾಯಿ 27 ವರ್ಷ ಬೀಡಿ ಕಟ್ಟಿದವರು. ದಕ್ಷಿಣ ಕನ್ನಡದ ನೂರಾರು ಮನೆಗಳಂತೆ ನಮ್ಮ ಮನೆಯ ಶಾಲಾ ಶುಲ್ಕವೂ ತಡ್ಪೆಯನ್ನು, ಅಂದರೆ ಮೊರವನ್ನು, ಮಡಿಲಲ್ಲಿಟ್ಟುಕೊಂಡು ಕುಳಿತ ಅವರ ಬೆರಳುಗಳಿಂದಲೇ ಬಂದದ್ದು. ಬೀಡಿ ಎಲೆಯನ್ನು ನೀರಿನಲ್ಲಿ ನೆನೆಸಿ, ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟು, ಮರುದಿನ ಮುರಿಯದೆ ಬಾಗುವಷ್ಟು ಮಾತ್ರ ಹದ ಉಳಿಸಿಕೊಳ್ಳುವುದು ಅವರಿಗೆ ನಿದ್ದೆಯಲ್ಲೂ ಬರುವ ವಿದ್ಯೆ. ಅವರು ಒಂದು ಸಿಗಾರನ್ನು ಎತ್ತಿ, ಹೆಬ್ಬೆರಳು ಮತ್ತು ತೋರುಬೆರಳ ನಡುವೆ ತುದಿಯಿಂದ ತುದಿಗೆ ಮೆಲ್ಲನೆ ಒತ್ತಿದರು. ಒತ್ತಿದ ಜಾಗ ಮರಳಿ ಮೇಲೇಳಲಿಲ್ಲ.

“ಇದು ನೀರು ಕುಡಿದಿದೆ ಮಗಾ. ಹೀಗೇ ಇಟ್ಟರೆ ಬೂಷ್ಟು ಹಿಡೀತದೆ,” ಎಂದರು.

ನಾನು ಮುಚ್ಚಳ ತೋರಿಸಿ, “ಇಲ್ಲಮ್ಮ, ಇನ್ನೂ 62 ಇದೆ, ಕಡಿಮೆಯೇ ಆಯಿತು” ಎಂದೆ. ಅವರು ಮತ್ತೇನೂ ಹೇಳದೆ ಸಿಗಾರನ್ನು ಅದರ ಜಾಗದಲ್ಲಿಟ್ಟರು. ಆ ದಿನ ಅವರ ಮಾತು ಕೇಳಿದ್ದರೆ ಮುಕ್ಕಾಲು ಪಾಲು ಉಳಿಯುತ್ತಿತ್ತು. ಇದನ್ನು ಬರೆಯುವಾಗಲೂ ನನಗೆ ನೋವಾಗುತ್ತದೆ, ಹಣಕ್ಕಿಂತ ಹೆಚ್ಚಾಗಿ ಆ ಕೈಗಳ ಅನುಭವವನ್ನು ತಳ್ಳಿಹಾಕಿದ್ದಕ್ಕೆ.

ಅಷ್ಟರಲ್ಲಿ ನಾಲ್ಕು ಸೇದಿ ಮುಗಿಸಿದ್ದೆ. ನಾಲ್ಕೂ ಸರಿಯಾಗಿ ಉರಿಯಲಿಲ್ಲ. ಐದು ನಿಮಿಷಕ್ಕೊಮ್ಮೆ ಆರಿಹೋಗುತ್ತಿತ್ತು, ಜೋರಾಗಿ ಎಳೆದರೆ ಕಹಿ, ಒಂದರ ಹೊರಹಾಳೆ ಉದ್ದಕ್ಕೂ ಸೀಳಿತು. ತೇವ ಕುಡಿದ ಒಳಗಿನ ಎಲೆ ಉಬ್ಬುತ್ತದೆ, ಮೇಲಿನ ಹೊದಿಕೆಯ ಎಲೆ ಬಹಳ ತೆಳು, ಅದು ಒತ್ತಡ ತಾಳದೆ ಒಡೆಯುತ್ತದೆ. ನಾನಾದರೋ ಬಾಕ್ಸೇ ಕಳಪೆಯೆಂದು ತಿಳಿದಿದ್ದೆ. ಆಗಸ್ಟ್ ಆರಂಭದಲ್ಲಿ ಹಸಿರು ಮಿಶ್ರಿತ ಬಿಳಿಯ ನವಿರು ರೋಮಗಳಂಥ ಚುಕ್ಕೆಗಳು ಕಾಣಿಸಿಕೊಂಡವು. ಇನ್ನು ಕೆಲವದರ ಮೇಲೆ ಗುಂಡುಸೂಜಿ ಚುಚ್ಚಿದಂತಹ ತೂತುಗಳಿದ್ದವು, ತಟ್ಟಿದರೆ ಪುಡಿ ಉದುರಿತು, ಪುಡಿಯ ಜೊತೆ ಎರಡು ಮೂರು ಮಿಲಿಮೀಟರಿನ ಕಂದು ಹುಳ ಬಿತ್ತು. ತಾಯಿ ನೋಡಿದ ಕೂಡಲೇ ಗುರುತಿಸಿದರು: ಕೊತ್ತಂಬರಿ, ಒಣಮೆಣಸಿನ ಡಬ್ಬಿಗಳಿಗೆ ಬರುವ ಹುಳವೇ ಅದು. ಹೌದು, ತಂಬಾಕನ್ನೂ ಮಸಾಲೆಯನ್ನೂ ತಿನ್ನುವುದು ಒಂದೇ ಜೀರುಂಡೆ, ವಿಜ್ಞಾನಿಗಳು ಲ್ಯಾಸಿಯೋಡರ್ಮ ಸೆರಿಕಾರ್ನೆ ಎನ್ನುತ್ತಾರೆ. ಕಣ್ಣಿಗೆ ಕಾಣದ ಅದರ ಮೊಟ್ಟೆಗಳು ಎಲೆಯಲ್ಲೇ ಬಂದಿರಬಹುದು. ತಂಪಿದ್ದಷ್ಟು ಕಾಲ ಸುಮ್ಮನಿದ್ದು, ನಮ್ಮ ಕರಾವಳಿಯ ಸೆಕೆ ಮತ್ತು ತೇವ ಸಿಕ್ಕರೆ ಒಡೆಯುತ್ತವೆ.

25ರಲ್ಲಿ 4 ಸೇದಿದ್ದು, 13 ಬೂಷ್ಟಿಗೆ ಹೋದದ್ದು, 5 ಹುಳಕ್ಕೆ ಹೋದದ್ದು. ಉಳಿದದ್ದು ಮೂರು. ಆ ಮೂರನ್ನು ಗಾಳಿಯಾಡದ ಚೀಲದಲ್ಲಿಟ್ಟು ಮೂರು ದಿನ ಫ್ರೀಜರಿನಲ್ಲಿ, ಆಮೇಲೆ ಒಂದು ದಿನ ಫ್ರಿಜ್ಜಿನಲ್ಲಿ ಇಟ್ಟು ಹೊರತೆಗೆದೆ. ಥಟ್ಟನೆ ಹೊರತೆಗೆದರೆ ಹೊದಿಕೆ ಬಿರಿಯುತ್ತದೆ, ಆದ್ದರಿಂದ ಆ ನಡುವಿನ ಒಂದು ದಿನ.

ಎಲ್ಲ ಮುಗಿದ ಮೇಲೆ ಮಾಡಿದ ಪರೀಕ್ಷೆಯನ್ನು ನೀವು ಮೊದಲೇ ಮಾಡಿ. ನೀರಿನ ಬಾಟಲಿಯ ಮುಚ್ಚಳದಲ್ಲಿ ಅಡುಗೆಯ ಪುಡಿ ಉಪ್ಪು ತುಂಬಿ, ಕೆಲವೇ ಹನಿ ನೀರು ಹಾಕಿ, ಒದ್ದೆ ಮರಳಿನಂತೆ ಮಾಡಿ. ಉಪ್ಪು ಕರಗಿ ನೀರಾಗಬಾರದು. ಆ ಮುಚ್ಚಳವನ್ನೂ ಮಾಪಕವನ್ನೂ ಒಂದಕ್ಕೊಂದು ತಾಗದಂತೆ ಜಿಪ್ ಇರುವ ಪ್ಲಾಸ್ಟಿಕ್ ಚೀಲದೊಳಗಿಟ್ಟು, ಬಿಗಿಯಾಗಿ ಮುಚ್ಚಿ, ಒಂದು ಹಗಲು ಒಂದು ರಾತ್ರಿ ಅಲುಗಿಸದೆ ಬಿಡಿ. ನೀರಿನಲ್ಲಿ ಇನ್ನು ಕರಗಲಾರದಷ್ಟು ಉಪ್ಪು ಇರುವಾಗ ಅದರ ಸುತ್ತಲಿನ ಮುಚ್ಚಿದ ಗಾಳಿ ಶೇಕಡ 75ಕ್ಕೆ ನಿಲ್ಲುತ್ತದೆ, ಕೋಣೆ ಸ್ವಲ್ಪ ಬಿಸಿಯಿರಲಿ ತಂಪಿರಲಿ. ಮಾಪಕ 75 ತೋರಿಸಿದರೆ ಅದು ಸರಿ. ನನ್ನದು 57 ತೋರಿಸಿತು. ಅಂದರೆ ತಾಯಿಗೆ ನಾನು ಹೆಮ್ಮೆಯಿಂದ ತೋರಿಸಿದ ಆ 62, ನಿಜದಲ್ಲಿ 80 ಆಗಿತ್ತು. ಅಗ್ಗದ ಮುಳ್ಳಿನ ಮಾಪಕಗಳ ಒಳಗೆ ತೇವಕ್ಕೆ ಹಿಗ್ಗಿ ಕುಗ್ಗುವ ಒಂದು ಸಣ್ಣ ಸುರುಳಿ ಮಾತ್ರ ಇರುತ್ತದೆ, ಸಾಗಾಟದಲ್ಲಿ ಬಿದ್ದರೂ ಸಾಕು, ಮುಳ್ಳು ಸ್ಥಾನ ತಪ್ಪುತ್ತದೆ. ಡಿಜಿಟಲ್ ಮಾಪಕವನ್ನೇ ಕೊಂಡರೂ ಈ ಉಪ್ಪಿನ ಪರೀಕ್ಷೆಯಿಲ್ಲದೆ ನಂಬಬೇಡಿ.

ಈಗ ನಿಮ್ಮ ಎರಡನೆಯ ಮಾತಿಗೆ, ಹೊಗೆ ಒಳಗೆಳೆಯದ ಕಾರಣ ಸಿಗಾರ್ ಅಷ್ಟು ಅಪಾಯಕಾರಿಯಲ್ಲ ಎಂಬುದಕ್ಕೆ, ಬರುತ್ತೇನೆ. ಅದನ್ನು ನಾನು ಒಪ್ಪುವುದಿಲ್ಲ. ಉಳಿದ ಮೂರರಲ್ಲಿ ಒಂದನ್ನು ತಾಯಿ ಅಡುಗೆಮನೆಯ ತಕ್ಕಡಿಯಲ್ಲಿಟ್ಟರು. 11 ಗ್ರಾಂ ಬಂತು. ಸಾವಿರ ಬೀಡಿಗೆ ಇನ್ನೂರು ಚಿಲ್ಲರೆ ಗ್ರಾಂ ತಂಬಾಕು ಎಂಬ ಲೆಕ್ಕ ಅವರ ಬಾಯಲ್ಲೇ ಇತ್ತು. ಸ್ವಲ್ಪ ಹೊತ್ತು ಸುಮ್ಮನಿದ್ದು, “ಒಂದರಲ್ಲಿ ಐವತ್ತು ಬೀಡಿ ಆಯ್ತಲ್ಲ” ಎಂದರು. ಆ ಲೆಕ್ಕಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ.

ಒಳಗೆಳೆಯದಿದ್ದರೆ ನಿಕೋಟಿನ್ ಹತ್ತುವುದಿಲ್ಲ ಎಂಬುದೂ ತಪ್ಪು. ನಮ್ಮ ಹುಣಸೂರು, ಪಿರಿಯಾಪಟ್ಟಣದ ಕಡೆ ಬೆಳೆದು ಬ್ಯಾರನ್ನು ಎಂಬ ಒಣಗಿಸುವ ಕೊಠಡಿಗಳಲ್ಲಿ ಬಿಸಿ ಹಾಯಿಸಿ ಹದಗೊಳಿಸುವ, ಸಿಗರೇಟಿಗೆ ಬಳಸುವ ವರ್ಜೀನಿಯಾ ತಂಬಾಕಿನಲ್ಲಿ ಸಕ್ಕರೆಯ ಅಂಶ ಉಳಿದಿರುತ್ತದೆ, ಅದರ ಹೊಗೆ ಆಮ್ಲೀಯ, ಆದ್ದರಿಂದ ಸಿಗರೇಟಿನ ನಿಕೋಟಿನ್ ಹೆಚ್ಚಾಗಿ ಶ್ವಾಸಕೋಶಕ್ಕೆ ಇಳಿದ ಮೇಲೆಯೇ ರಕ್ತಕ್ಕೆ ಸೇರುತ್ತದೆ. ಸಿಗಾರಿನ ಎಲೆಯನ್ನು ನೆರಳಿನ ಗಾಳಿಯಲ್ಲಿ ಒಣಗಿಸಿ, ರಾಶಿ ಹಾಕಿ, ತಿಂಗಳುಗಟ್ಟಲೆ ಹುದುಗು ಬರಿಸುತ್ತಾರೆ. ಅದರ ಹೊಗೆ ಕ್ಷಾರೀಯವಾಗಿದ್ದು, ಬಾಯಿಯ ಒಳಚರ್ಮದ ಮೂಲಕವೇ ನಿಕೋಟಿನ್ ರಕ್ತಕ್ಕೆ ಹೋಗುತ್ತದೆ. ಖಾಲಿ ಹೊಟ್ಟೆಯಲ್ಲಿ ಸೇದಿದವರಿಗೆ ತಣ್ಣನೆಯ ಬೆವರು, ತಲೆಸುತ್ತು, ವಾಕರಿಕೆ ಬರುವುದು ಇದರಿಂದಲೇ. ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆ 1998ರಲ್ಲಿ ಸಿಗಾರ್ ಕುರಿತೇ ಪ್ರತ್ಯೇಕ ವರದಿ ಪ್ರಕಟಿಸಿ, ಬಾಯಿ, ಧ್ವನಿಪೆಟ್ಟಿಗೆ, ಅನ್ನನಾಳ, ಶ್ವಾಸಕೋಶಗಳ ಕ್ಯಾನ್ಸರಿಗೆ ಇದು ಕಾರಣವೆಂದು ಹೇಳಿದೆ. ಸುರಕ್ಷಿತ ಎಂಬ ನಂಬಿಕೆಯ ಮೇಲೆ ಮಾತ್ರ ಆರಂಭಿಸುತ್ತಿದ್ದೀರಾದರೆ ದಯವಿಟ್ಟು ಆರಂಭಿಸಬೇಡಿ. ಸಿಗರೇಟು ಬಿಡುವುದಕ್ಕೆಂದು ಸಿಗಾರಿಗೆ ಬರುತ್ತಿದ್ದೀರಾದರೆ ಇನ್ನೂ ಬೇಡ, ಏಕೆಂದರೆ ಒಳಗೆಳೆಯುವ ರೂಢಿಯಿದ್ದವರು ಇದನ್ನೂ ಒಳಗೆಳೆಯುತ್ತಾರೆ.

ಇಷ್ಟು ತಿಳಿದೂ ರುಚಿ ನೋಡಬೇಕೆನಿಸಿದರೆ, ಬಾಕ್ಸ್ ಬೇಡ, ಹ್ಯೂಮಿಡಾರೂ ಬೇಡ. ಸರಿಯಾದ ತೇವದಲ್ಲಿ ಇಟ್ಟುಕೊಂಡಿರುವ ಅಂಗಡಿಗೆ ಹೋಗಿ ಒಂದೇ ಒಂದು ಸಣ್ಣ ಸಿಗಾರ್ ಕೊಳ್ಳಿ. ದಪ್ಪವನ್ನು ಇಂಚಿನ 64ನೆಯ ಭಾಗಗಳಲ್ಲಿ ಹೇಳುತ್ತಾರೆ. ನಾನು ತಂದ ರೊಬಸ್ಟೊ ಐದು ಇಂಚು ಉದ್ದ, 50 ದಪ್ಪ, ಹೊಸಬರಿಗೆ ಅದು ಹೆಚ್ಚು. 42 ದಪ್ಪದ ಪೆಟಿಟ್ ಕೊರೊನಾ ಎಂಬ ಸಣ್ಣ ಅಳತೆ ಸಾಕು. ಕೊಳ್ಳುವಾಗ ನನ್ನ ತಾಯಿ ಒತ್ತಿದ ಹಾಗೆ ಮೆಲ್ಲನೆ ಒತ್ತಿ ನೋಡಿ: ತುಸು ಬಾಗಿ ಮತ್ತೆ ಮೇಲೇಳಬೇಕು, ಚರಚರ ಎನ್ನಬಾರದು, ಕುಗ್ಗಿ ಹಾಗೇ ಉಳಿಯಬಾರದು.

ಹೊಟ್ಟೆ ತುಂಬ ಉಂಡ ಮೇಲೆ ಸೇದಿ. ಸಿಗಾರಿನ ತಲೆಯ ಕಡೆಯ, ಅಂದರೆ ಬಾಯಿಗಿಡುವ ಕಡೆಯ, ಟೋಪಿಯಂಥ ಮುಚ್ಚಿಗೆಯ ತುದಿಯನ್ನು ಎರಡು ಮಿಲಿಮೀಟರಿನಷ್ಟು ಮಾತ್ರ ಕತ್ತರಿಸಿ, ಕೆಳಗೆ ಕತ್ತರಿಸಿದರೆ ಸುತ್ತು ಬಿಚ್ಚಿಕೊಳ್ಳುತ್ತದೆ. ಪೆಟ್ರೋಲಿನ ಲೈಟರ್ ಬೇಡ, ಅದರ ವಾಸನೆ ಕೊನೆಯವರೆಗೂ ಉಳಿಯುತ್ತದೆ. ಕಡ್ಡಿ ಗೀರಿದರೆ ಮದ್ದು ಪೂರ್ತಿ ಉರಿದ ಮೇಲೆ ಹಿಡಿಯಿರಿ, ಬೆಂಕಿ ತಾಗಿಸದೆ ಇನ್ನೊಂದು ತುದಿಯನ್ನು ಮೊದಲು ಸುತ್ತಲೂ ಕಾಯಿಸಿ. ನಿಮಿಷಕ್ಕೆ ಒಂದು ಸಲ ಎಳೆದರೆ ಸಾಕು. ಅವಸರಿಸಿದರೆ ಬಿಸಿಯೇರಿ ಕಹಿಯಾಗುತ್ತದೆ. ತಲೆ ಹಗುರಾದಂತೆ ಅನಿಸಿದ ಕೂಡಲೇ ಕೆಳಗಿಡಿ, ಮುಗಿಸಲೇಬೇಕೆಂಬ ನಿಯಮವಿಲ್ಲ. ಮನೆಯಲ್ಲಿ ಮಕ್ಕಳಿದ್ದರೆ ಮಹಡಿಯ ಮೇಲೆ ಹೋಗಿ. ಸಾರ್ವಜನಿಕ ಸ್ಥಳದಲ್ಲಿ ಸೇದಿದರೆ ಕರ್ನಾಟಕದಲ್ಲಿ ಈಗ ದಂಡ 1,000 ರೂಪಾಯಿ.

ಇದೇ ನೆಪದಲ್ಲಿ ಇನ್ನೊಂದು ಮಾತು. ಕ್ಯೂಬಾದ ಹೆಸರು ಕೇಳಿಯೇ ಹಣ ಸುರಿಯಬೇಕಿಲ್ಲ. ಪಕ್ಕದ ತಮಿಳುನಾಡಿನ ತಿರುಚಿರಾಪಳ್ಳಿಯಲ್ಲಿ ಬ್ರಿಟಿಷರ ಕಾಲದಿಂದ ಹೆಸರಾದ ಚುಟ್ಟಗಳನ್ನು ಸುತ್ತುತ್ತಿದ್ದರು. ಇಂಗ್ಲಿಷಿನ ಚೆರೂಟ್ ಎಂಬ ಪದವೇ ತಮಿಳಿನ ಸುರುಟ್ಟುವಿನಿಂದ ಹೋದದ್ದು, ನಾವು ಸುರುಟು, ಸುರುಳಿ ಎನ್ನುವ ಅದೇ ಬೇರು. ಅದು ಖಾರವಾದ ಸೇದು, ಹೊಸಬರಿಗೆ ಹೇಳಿದ್ದಲ್ಲ, ಆದರೂ ನಮ್ಮ ನೆಲದಲ್ಲಿ ಈ ಕಸುಬು ಇತ್ತೆಂಬುದು ಗೊತ್ತಿರಲಿ.

ಮೂರು ತಿಂಗಳಲ್ಲಿ ಮೂರು ಸಿಗಾರ್ ಸೇದಿದ ಮೇಲೂ ಬೇಕೆನಿಸಿದರೆ, ಆಗ ಶೇಖರಣೆಯ ಮಾತು. ಅಡುಗೆಮನೆಯಲ್ಲಿರುವಂಥ, ರಬ್ಬರ್ ಅಂಚಿನ, ವಾಸನೆಯಿಲ್ಲದ ಗಾಳಿಯಾಡದ ಡಬ್ಬಿ ಒಂದು, ಉಪ್ಪಿನ ಪರೀಕ್ಷೆಯಲ್ಲಿ ಪಾಸಾದ ಡಿಜಿಟಲ್ ಮಾಪಕ ಒಂದು, ತೇವವನ್ನು ಶೇಕಡ 65ಕ್ಕೆ ಹಿಡಿದಿಡುವ, ಬೋವೆಡಾ ಕಂಪನಿಯದಂಥ ಪೊಟ್ಟಣ ಒಂದು. ಆ ಪೊಟ್ಟಣ ತೇವ ಕಡಿಮೆಯಾದರೆ ಕೊಡುತ್ತದೆ, ಹೆಚ್ಚಾದರೆ ಹೀರುತ್ತದೆ. ಮಾರ್ಚ್ ಏಪ್ರಿಲಿನ ನಿಮ್ಮ ಬೆಂಗಳೂರಿನ ಒಣ ಮಧ್ಯಾಹ್ನಕ್ಕೂ ಜುಲೈನ ನಮ್ಮ ಮಂಗಳೂರಿಗೂ ಅದೇ ಸಾಕು. ನಲ್ಲಿ ನೀರು, ಸ್ಪಂಜು ಯಾವುದೂ ಬೇಡ. ಎಲ್ಲ ಸೇರಿ ಎರಡು ಸಾವಿರದ ಆಸುಪಾಸಿನಲ್ಲಿ ಮುಗಿಯುತ್ತದೆ. ನನ್ನ ಡಬ್ಬಿಯಲ್ಲಿ ಯಾವತ್ತೂ ಐದಕ್ಕಿಂತ ಹೆಚ್ಚು ಇಡುವುದಿಲ್ಲ, ಎರಡು ತಿಂಗಳಿಗೊಂದು ಸೇದುತ್ತೇನೆ. ಆ ಹೊಳೆಯುವ ಮರದ ಪೆಟ್ಟಿಗೆಯಲ್ಲಿ ತಾಯಿ ಈಗ ಸೂಜಿ, ದಾರ ಮತ್ತು ಬೀಡಿ ಎಲೆ ಕತ್ತರಿಸುತ್ತಿದ್ದ ಹಳೆಯ ಕತ್ತರಿ ಇಟ್ಟುಕೊಂಡಿದ್ದಾರೆ; ಮುಚ್ಚಳದ ಮಾಪಕ ಇವತ್ತಿಗೂ 57ರ ಸುತ್ತಮುತ್ತಲೇ ನಿಂತಿದೆ.