ಓದುಗರ ಪ್ರಶ್ನೆ, ನಮ್ಮ ಉತ್ತರ: ವಿಮಾನದ ಬಾಗಿಲು ಮುಟ್ಟುವವರೆಗೆ

ಬೇಸಿಗೆ ರಜೆ ಹತ್ತಿರವಾದಂತೆ ಬಳ್ಳಾರಿ, ರಾಯಚೂರು, ಕೊಪ್ಪಳ ಜಿಲ್ಲೆಗಳಿಂದ ಬರುವ ಪತ್ರಗಳಲ್ಲಿ ಹೊರದೇಶದ ಮಕ್ಕಳ ಮನೆಗೆ ಹೊರಟು ನಿಂತವರ ಪ್ರಶ್ನೆಗಳೇ ಹೆಚ್ಚಾಗಿವೆ. ಆಕಾಶದಲ್ಲಿ ಹಾರುವುದರ ಬಗ್ಗೆ ಯಾರಿಗೂ ಅಷ್ಟು ಅಂಜಿಕೆಯಿದ್ದಂತಿಲ್ಲ. ವಿಮಾನದ ಬಾಗಿಲು ಮುಟ್ಟುವವರೆಗಿನ ನಡಿಗೆಯೇ ಎಲ್ಲರ ಚಿಂತೆ.

ಪ್ರಶ್ನೆ: ನನಗೆ 64, ನಮ್ಮ ಮನೆಯವರಿಗೆ 58. ಬೆಂಗಳೂರಿನಿಂದ ದುಬೈಗೆ, ಮಗನ ಬಳಿಗೆ, ಮೊದಲ ಸಲ ಹೊರಟಿದ್ದೇವೆ. ಜೊತೆಗೆ ಯಾರೂ ಇಲ್ಲ. ಒಳಗೆ ಹೋದ ಮೇಲೆ ಎಲ್ಲಿಂದ ಎಲ್ಲಿಗೆ ಹೋಗಬೇಕೆಂಬುದನ್ನು ದಯವಿಟ್ಟು ತಿಳಿಸಿ. (ಓದುಗರೊಬ್ಬರು, ಸಿಂಧನೂರು)

ಉತ್ತರ: ಮೊದಲು ಕಟ್ಟಡ ಯಾವುದೆಂಬುದು ಇತ್ಯರ್ಥವಾಗಲಿ. ದೇವನಹಳ್ಳಿಯ ಕೆಂಪೇಗೌಡ ಅಂತರರಾಷ್ಟ್ರೀಯ ವಿಮಾನ ನಿಲ್ದಾಣದಲ್ಲಿ ಎರಡು ಬೇರೆ ಬೇರೆ ಟರ್ಮಿನಲ್‌ಗಳಿದ್ದು, 2023ರ ಸೆಪ್ಟೆಂಬರ್ 12ರಿಂದ ಹೊರದೇಶದ ವಿಮಾನಗಳು ಎರಡನೆಯದರಿಂದ ಹೊರಡುತ್ತಿವೆ. ಆದ್ದರಿಂದ ಕಾರಿನವರಿಗೆ ‘ಏರ್‌ಪೋರ್ಟ್’ ಎಂದಷ್ಟೇ ಹೇಳದೆ ‘ಟಿ-2, ಡಿಪಾರ್ಚರ್’ ಎಂದು ಸ್ಪಷ್ಟವಾಗಿ ಹೇಳಿರಿ.

ಬಾಗಿಲಲ್ಲಿ ಸಿಐಎಸ್‌ಎಫ್ ಸಿಬ್ಬಂದಿ ಪಾಸ್‌ಪೋರ್ಟ್ ಮತ್ತು ಟಿಕೆಟ್ ನೋಡಿ ಒಳಗೆ ಬಿಡುತ್ತಾರೆ. ಟಿಕೆಟ್ ಮೊಬೈಲಿನಲ್ಲಿದ್ದರೂ ನಡೆಯುತ್ತದೆ, ಆದರೆ ಚಾರ್ಜು ಮುಗಿದ ಮೊಬೈಲನ್ನು ಹಿಡಿದು ಅಲ್ಲಿ ಪೇಚಾಡುವವರನ್ನು ಕಂಡಿರುವ ನಾನು ಕಾಗದದ ಪ್ರತಿಯೊಂದು ಕೈಯಲ್ಲಿರಲಿ ಎನ್ನುತ್ತೇನೆ. ಬೀಳ್ಕೊಡಲು ಬಂದ ಬಂಧುಗಳು ಹೊರಗೇ ಉಳಿಯಬೇಕಾಗುವುದರಿಂದ ಕಾಲಿಗೆ ಬೀಳುವುದು, ಉಡಿ ತುಂಬುವುದು ಎಲ್ಲವನ್ನೂ ಊರಲ್ಲೇ ಮುಗಿಸಿಕೊಂಡು ಬರುವುದು ಒಳ್ಳೆಯದು.

ಒಳಗೆ ಕಾಲಿಟ್ಟೊಡನೆ ಬಿದಿರಿನ ಚಾವಣಿಯನ್ನೂ ತೂಗುಬಿಟ್ಟ ಗಿಡಗಳನ್ನೂ ನೋಡುತ್ತ ನಿಲ್ಲಬೇಕೆನಿಸುತ್ತದೆ. ಆ ಆಸೆಯನ್ನು ಸ್ವಲ್ಪ ಹಿಡಿದಿಟ್ಟು ದೊಡ್ಡ ಪರದೆಯಲ್ಲಿ ನಿಮ್ಮ ವಿಮಾನದ ಸಂಖ್ಯೆಯನ್ನು ಹುಡುಕಿರಿ. ಅದರ ಸಾಲಿನಲ್ಲೇ ಯಾವ ಕೌಂಟರಿಗೆ ಹೋಗಬೇಕೆಂಬುದೂ ಇರುತ್ತದೆ. ಊರಿನ ಹೆಸರಿನಿಂದ ಹುಡುಕಬಾರದು, ಏಕೆಂದರೆ ದುಬೈಗೆ ಹೋಗುವ ವಿಮಾನಗಳು ಒಂದಕ್ಕಿಂತ ಹೆಚ್ಚಿರುತ್ತವೆ. ಕೌಂಟರಿನಲ್ಲಿ ದೊಡ್ಡ ಲಗೇಜನ್ನು ತೂಗಿ, ಪಟ್ಟಿ ಅಂಟಿಸಿ, ಬೆಲ್ಟಿಗೆ ಹಾಕಿ, ವಿಮಾನ ಹತ್ತಲು ಬೇಕಾದ ಬೋರ್ಡಿಂಗ್ ಪಾಸನ್ನೂ ಲಗೇಜಿನ ಚೀಟಿಯನ್ನೂ ಕೊಡುತ್ತಾರೆ. ಆ ಚಿಕ್ಕ ಚೀಟಿಯನ್ನು ಎಸೆಯಬೇಡಿ. ಪೆಟ್ಟಿಗೆ ಬಾರದಿದ್ದರೆ ಕೇಳಲು ಅದೇ ಆಧಾರ. ಹೆಚ್ಚಿನ ಕಂಪನಿಗಳು ವಿಮಾನ ಹೊರಡುವ ಒಂದು ತಾಸು ಮೊದಲೇ ಈ ಕೌಂಟರನ್ನು ಮುಚ್ಚುತ್ತವೆ, ಕೆಲವು ಇನ್ನೂ ಬೇಗ. ಬಸ್‌ಸ್ಟ್ಯಾಂಡಿನಲ್ಲಿ ಹೊರಟ ಬಸ್ಸಿಗೆ ಕೈಯೊಡ್ಡಿ ನಿಲ್ಲಿಸಿದಂತೆ ಇಲ್ಲಿ ಆಗದು. ಮೂರು ತಾಸು ಮೊದಲೇ ಬನ್ನಿರೆಂದು ಹೇಳುವುದು ಇದಕ್ಕಾಗಿಯೇ.

ಮುಂದಿನದು ಇಮಿಗ್ರೇಷನ್, ಅಂದರೆ ದೇಶ ಬಿಡುವವರ ಪಾಸ್‌ಪೋರ್ಟ್ ತಪಾಸಣೆ. ಅಲ್ಲೊಂದು ಫಾರಂ ತುಂಬಬೇಕು, ಪೆನ್ನು ಒಯ್ಯಿರಿ ಎಂದು ಹಿಂದೆ ಹೋಗಿ ಬಂದವರು ನಿಮಗೆ ಹೇಳಬಹುದು. ಭಾರತೀಯರಿಗೆ ಆ ಫಾರಂ 2017ರ ಜುಲೈ 1ರಿಂದಲೇ ಇಲ್ಲ. ಎಲ್ಲಿಗೆ, ಯಾರ ಬಳಿಗೆ, ಎಂದು ವಾಪಸು ಎಂದು ಅಧಿಕಾರಿ ಕೇಳಬಹುದು. ಮಗನ ವಿಳಾಸ, ವೀಸಾದ ಪ್ರತಿ, ವಾಪಸು ಟಿಕೆಟ್ ಒಂದೇ ಕವರಿನಲ್ಲಿರಲಿ. ಪಾಸ್‌ಪೋರ್ಟಿನ ಅವಧಿ ಕನಿಷ್ಠ ಆರು ತಿಂಗಳು ಬಾಕಿ ಇರಬೇಕು. ನಮ್ಮ ಭಾಗದ ಅನೇಕರ ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿದ್ದು ಸರ್‌ನೇಮ್ ಜಾಗ ಖಾಲಿ ಇರುತ್ತದೆ. 2022ರ ನವೆಂಬರಿನಲ್ಲಿ ದುಬೈ, ಅಬುಧಾಬಿಗಳಿರುವ ದೇಶವಾದ ಯುಎಇ ಇಂಥವರಿಗೆ ಭೇಟಿ ವೀಸಾ ಇಲ್ಲವೆಂದು ಹೇಳಿ, ಕೆಲವೇ ದಿನಗಳಲ್ಲಿ, ಪಾಸ್‌ಪೋರ್ಟಿನ ಎರಡನೆಯ ಪುಟದಲ್ಲಿ ತಂದೆಯ ಅಥವಾ ಮನೆತನದ ಹೆಸರಿದ್ದರೆ ಒಪ್ಪುವುದಾಗಿ ಸಡಿಲಿಸಿತು. ನಿಮ್ಮದು ಹಾಗಿದ್ದರೆ ಟಿಕೆಟ್ ಮಾಡಿಸುವ ಮೊದಲೇ ವಿಮಾನ ಕಂಪನಿಯನ್ನು ಕೇಳಿಕೊಳ್ಳಿರಿ.

ಅದಾದ ಮೇಲೆ ಸೆಕ್ಯುರಿಟಿ. ಮೊಬೈಲು, ಪರ್ಸು, ಬೆಲ್ಟು, ಪವರ್ ಬ್ಯಾಂಕುಗಳನ್ನು ಟ್ರೇಯಲ್ಲಿಟ್ಟು ತಾವು ಚೌಕಟ್ಟಿನ ಮೂಲಕ ನಡೆಯಬೇಕು. ಇಲ್ಲಿ ನಮ್ಮ ಮನೆಯದೇ ಒಂದು ಪ್ರಸಂಗವನ್ನು ಹೇಳುತ್ತೇನೆ. ಕೆಲವು ವರ್ಷಗಳ ಹಿಂದೆ ಚಿಕ್ಕಮ್ಮನವರೊಂದಿಗೆ ಮಸ್ಕತ್ತಿಗೆ ಹೊರಟಿದ್ದಾಗ ಅವರ ಎಲೆ-ಅಡಿಕೆ ಚೀಲ ಎಕ್ಸ್‌ರೇ ಯಂತ್ರದಲ್ಲಿ ಎರಡು ಸಲ ಹಿಂದೆ ಮುಂದೆ ಓಡಾಡಿತು. ಒಳಗಿದ್ದದ್ದು ಅವರ ಅತ್ತೆಯವರ ಕಾಲದ ಹಿತ್ತಾಳೆ ಹಿಡಿಯ ಅಡಕೊತ್ತು. ಸೂಟ್‌ಕೇಸು ಆಗಲೇ ಬೆಲ್ಟಿನ ಮೇಲೆ ಸಾಗಿ ಹೋಗಿತ್ತು, ಪಾಸ್‌ಪೋರ್ಟಿಗೆ ಮೊಹರು ಬಿದ್ದಿತ್ತು, ಹಿಂದಿರುಗಿ ಹೋಗಿ ಯಾರ ಕೈಗಾದರೂ ಕೊಟ್ಟು ಬರುವ ದಾರಿಯಿರಲಿಲ್ಲ. ಅದು ಡಬ್ಬಕ್ಕೆ ಬಿದ್ದು ಠಣ್ ಎಂದದ್ದನ್ನು ಕೇಳಿದ ಚಿಕ್ಕಮ್ಮನವರು ಮಸ್ಕತ್ತಿನಲ್ಲಿ ಇಳಿಯುವವರೆಗೆ ನನ್ನೊಡನೆ ಮಾತನಾಡಲಿಲ್ಲ. ಟರ್ಮಿನಲ್‌ನ ಬಾಗಿಲುಗಳೆಲ್ಲ ಹೀಗೆ ಒಮ್ಮುಖ. ಆದ್ದರಿಂದ ಅಡಕೊತ್ತು, ಈಳಿಗೆ, ಕತ್ತರಿಗಳಂಥವು ಮೊದಲೇ ದೊಡ್ಡ ಪೆಟ್ಟಿಗೆಯೊಳಗೆ ಸೇರಿರಬೇಕು.

ಸೆಕ್ಯುರಿಟಿ ದಾಟಿದರೆ ಅಂಗಡಿಗಳ ಝಗಮಗ. ಎಲ್ಲವೂ ಮುಗಿಯಿತೆಂದು ಜನ ಮೈಮರೆಯುವುದು ಇಲ್ಲಿಯೇ. ಬೋರ್ಡಿಂಗ್ ಪಾಸಿನಲ್ಲಿ ಎರಡು ಹೊತ್ತುಗಳಿರುತ್ತವೆ: ಒಂದು ಹತ್ತಿಸಿಕೊಳ್ಳಲು ಆರಂಭಿಸುವ ಹೊತ್ತು, ಇನ್ನೊಂದು ವಿಮಾನ ಹೊರಡುವ ಹೊತ್ತು. ನೀವು ಪಾಲಿಸಬೇಕಾದದ್ದು ಮೊದಲನೆಯದನ್ನು, ಏಕೆಂದರೆ ವಿಮಾನಕ್ಕೆ ಹತ್ತಿಸುವ ಬಾಗಿಲು, ಅಂದರೆ ಗೇಟು, ವಿಮಾನ ಹೊರಡುವುದಕ್ಕಿಂತ ಇಪ್ಪತ್ತು ನಿಮಿಷವೋ ಅದಕ್ಕೂ ಹೆಚ್ಚೋ ಮೊದಲೇ ಮುಚ್ಚಿರುತ್ತದೆ. ದೊಡ್ಡ ನಿಲ್ದಾಣಗಳಲ್ಲಿ ಪ್ರತಿ ವಿಮಾನಕ್ಕೂ ಕೂಗಿ ಕರೆಯುವ ರೂಢಿ ಕಡಿಮೆಯಾಗಿದೆ. ಪಾಸಿನಲ್ಲಿ ಅಚ್ಚಾದ ಗೇಟಿನ ಸಂಖ್ಯೆ ಆಮೇಲೆ ಬದಲಾಗುವುದೂ ಉಂಟು. ಹೀಗಾಗಿ ನೇರವಾಗಿ ಗೇಟಿಗೆ ಹೋಗಿ, ಅಲ್ಲಿನ ಪರದೆಯಲ್ಲಿ ನಿಮ್ಮ ವಿಮಾನದ ಸಂಖ್ಯೆಯನ್ನು ಕಂಡು, ಅದರ ಎದುರೇ ಕುಳಿತುಕೊಳ್ಳಿರಿ. ಚಹಾ ಬೇಕಾದರೆ ಒಬ್ಬರು ಹೋಗಿ ತಂದರೆ ಸಾಕು.

ಪ್ರಶ್ನೆ: ನಮ್ಮ ಟಿಕೆಟ್‌ನಲ್ಲಿ ಏಪ್ರಿಲ್ 15, 02:40 ಎಂದಿದೆ. 15ರಂದು ಬೆಳಿಗ್ಗೆ ಬಳ್ಳಾರಿಯಿಂದ ಕಾರಿನಲ್ಲಿ ಹೊರಟರೆ ಸಾಕೆ? (ಗೃಹಿಣಿಯೊಬ್ಬರು, ಬಳ್ಳಾರಿ)

ಉತ್ತರ: ಸಾಲದು ತಾಯಿ. 15ರ ಬೆಳಿಗ್ಗೆ ನೀವು ಬಳ್ಳಾರಿ ಬಿಡುವ ಹೊತ್ತಿಗೆ ವಿಮಾನ ಹಾರಿಹೋಗಿ ಹಲವು ತಾಸುಗಳಾಗಿರುತ್ತವೆ. ವಿಮಾನದವರದು 24 ಗಂಟೆಯ ಗಡಿಯಾರ. ಮಧ್ಯಾಹ್ನದ ವಿಮಾನವಾಗಿದ್ದರೆ 14:40 ಎಂದಿರುತ್ತಿತ್ತು. ಈ ತಪ್ಪು ನಿಮ್ಮೊಬ್ಬರದಲ್ಲ. ನಮ್ಮ ಪಂಚಾಂಗದಲ್ಲಿ ವಾರ ಬದಲಾಗುವುದು ಸೂರ್ಯೋದಯಕ್ಕೆ, ಹೀಗಾಗಿ ರಾತ್ರಿ ಎರಡು ಗಂಟೆಯನ್ನು ನಾವು ಹಿಂದಿನ ದಿನದ ಬಾಬ್ತಿಗೇ ಸೇರಿಸಿಕೊಳ್ಳುತ್ತೇವೆ. ಟಿಕೆಟ್ಟಿನಲ್ಲಿ ದಿನ ಬದಲಾಗುವುದು ನಡುರಾತ್ರಿಗೆ.

ಲೆಕ್ಕವನ್ನು ವಿಮಾನದ ಹೊತ್ತಿನಿಂದ ಹಿಂದಕ್ಕೆ ಮಾಡಿರಿ. 02:40ರ ವಿಮಾನಕ್ಕೆ ಕೌಂಟರು 1:40ಕ್ಕೆ ಮುಚ್ಚುತ್ತದೆ. ನೀವು 14ರ ರಾತ್ರಿ 11:40ಕ್ಕೆ ಟರ್ಮಿನಲ್‌ನ ಬಾಗಿಲಲ್ಲಿರಬೇಕು. ರಸ್ತೆಗೆ ಆರು ತಾಸು, ಊಟಕ್ಕೂ ಪಂಕ್ಚರಿಗೂ ಇನ್ನೊಂದೂವರೆ ತಾಸು ಹಿಡಿದರೆ 14ರ ಸಂಜೆ 4ಕ್ಕೆ ಮನೆ ಬಿಡಬೇಕು. ಅನಂತಪುರ, ಪೆನುಕೊಂಡ, ಬಾಗೇಪಲ್ಲಿ, ಚಿಕ್ಕಬಳ್ಳಾಪುರದ ಮೇಲೆ ಬಂದರೆ ಬೆಂಗಳೂರಿನ ಗದ್ದಲಕ್ಕೆ ಸಿಕ್ಕದೆ ನೇರವಾಗಿ ದೇವನಹಳ್ಳಿ ತಲುಪಬಹುದು. ಬೆಂಗಳೂರಿನವರು ವಿಮಾನ ನಿಲ್ದಾಣಕ್ಕೆ ಬರುವ ರಸ್ತೆಗೆ ಇಂದಿಗೂ ಬಳ್ಳಾರಿ ರಸ್ತೆ ಎಂದೇ ಹೆಸರು. ನಾವು ಮಾತ್ರ ಅದನ್ನು ಬಿಟ್ಟು ಚಳ್ಳಕೆರೆ, ಹಿರಿಯೂರು, ತುಮಕೂರು ಸುತ್ತಿ ನಗರದ ಟ್ರಾಫಿಕ್ಕಿನಲ್ಲಿ ಬೆವರುತ್ತೇವೆ.

ಪ್ರಶ್ನೆ: ಅಬುಧಾಬಿಯಲ್ಲಿರುವ ಮಗಳಿಗೆ ಚಟ್ನಿಪುಡಿ, ಉಪ್ಪಿನಕಾಯಿ, ಕೊಬ್ಬರಿ, ಕರ್ಚಿಕಾಯಿ ಮತ್ತು ಸೋನಾ ಮಸೂರಿ ಅಕ್ಕಿ ಒಯ್ಯಬೇಕೆಂದಿದ್ದೇವೆ. ಯಾವುದನ್ನು ಎಲ್ಲಿ ಇಡಬೇಕು? (ಓದುಗರು, ಗಂಗಾವತಿ)

ಉತ್ತರ: ಮೊದಲಿಗೆ ಗಸಗಸೆ. ನೀವು ಅದರ ಹೆಸರೆತ್ತಿಲ್ಲ, ಆದರೆ ಕರ್ಚಿಕಾಯಿಯ ಹೂರಣಕ್ಕೂ ಅನಾರಸಕ್ಕೂ ನಮ್ಮಲ್ಲಿ ಗಸಗಸೆ ಬೀಳುತ್ತದೆ. ಯುಎಇ, ಸೌದಿ, ಕತಾರ್, ಸಿಂಗಪುರಗಳಲ್ಲಿ ಅದು ಮಾದಕ ವಸ್ತುವಿನ ಲೆಕ್ಕದಲ್ಲಿ ನಿಷಿದ್ಧವಾಗಿದ್ದು, ಪಾಯಸಕ್ಕೆಂದು ತಂದೆನೆಂದರೆ ಕೇಳುವವರಿಲ್ಲ. ಮಸಾಲೆ ಪುಡಿ, ಸಿಹಿತಿಂಡಿ, ಪೊಟ್ಟಣ ಯಾವುದರಲ್ಲೂ ಒಂದು ಕಾಳೂ ಇರಬಾರದು. ಮಗಳಿಗೆ ಕರ್ಚಿಕಾಯಿ ಮಾಡಲೇಬೇಕೆಂದಿದ್ದರೆ ಎಳ್ಳು, ಪುಟಾಣಿ ಹಾಕಿ ಮಾಡಿರಿ.

ಎರಡನೆಯದು ಒಣ ಕೊಬ್ಬರಿ. ಎಣ್ಣೆಯಂಶದಿಂದಾಗಿ ತಾನೇ ಕಾವು ಏರಿ ಹೊತ್ತಿಕೊಳ್ಳಬಲ್ಲ ಸರಕುಗಳ ಪಟ್ಟಿಯಲ್ಲಿ ಅದು ಸೇರಿರುವುದರಿಂದ ಬೆಲ್ಟಿಗೆ ಹಾಕುವ ಪೆಟ್ಟಿಗೆಯಲ್ಲಿ ಬಟ್ಟಲು ಕೊಬ್ಬರಿ ಕಂಡರೆ ತೆಗೆಸುತ್ತಾರೆ. ಮನೆಯಲ್ಲೇ ಬಿಟ್ಟು ಹೋಗಿರಿ.

ಉಪ್ಪಿನಕಾಯಿ, ತುಪ್ಪಗಳನ್ನು ಕೈಚೀಲದಲ್ಲಿ ಒಯ್ಯುವಂತಿಲ್ಲ. ದ್ರವವೆನಿಸಿದ್ದೆಲ್ಲ 100 ಮಿಲಿಲೀಟರಿನ ಒಳಗಿನ ಶೀಶೆಗಳಲ್ಲಿದ್ದು, ಒಟ್ಟು ಒಂದು ಲೀಟರಿನ ಪಾರದರ್ಶಕ ಚೀಲದಲ್ಲಿ ಹಿಡಿಸಬೇಕು. ಉಪ್ಪಿನಕಾಯಿಯ ಡಬ್ಬಿಗೆ ಎರಡು ಮೂರು ಪ್ಲಾಸ್ಟಿಕ್ ಕವರು ಸುತ್ತಿ ದೊಡ್ಡ ಪೆಟ್ಟಿಗೆಯ ನಡುವೆ ಇಡಿರಿ, ಮೇಲೆ ಹಳೆಯ ಟವೆಲು ಹೊದಿಸಿರಿ. ಎಣ್ಣೆ ಸೋರಿದರೆ ಮಗಳ ಸೀರೆಗೆ ಅಂಟುವುದು ಬೇಡ. ಶೇಂಗಾ, ಗುರೆಳ್ಳು ಚಟ್ನಿಪುಡಿಗಳೂ ಪೆಟ್ಟಿಗೆಗೇ ಇರಲಿ. ಖಡಕ್ ರೊಟ್ಟಿಯನ್ನು ಮಾತ್ರ ಸ್ಟೀಲ್ ಡಬ್ಬಿಯಲ್ಲಿಟ್ಟು ಕೈಯಲ್ಲಿ ಹಿಡಿದುಕೊಳ್ಳಿರಿ, ಪೆಟ್ಟಿಗೆಯಲ್ಲಿ ಹೋದರೆ ಮುಟಗಿ ಮಾಡಲಷ್ಟೇ ಬಂದೀತು. ಅಕ್ಕಿಯನ್ನು ಅಬುಧಾಬಿಗೆ ಹೊತ್ತೊಯ್ಯುವುದು ನನಗೆ ಸರಿಕಾಣದು, ಅಲ್ಲಿನ ಅಂಗಡಿಗಳಲ್ಲೇ ಸೋನಾ ಮಸೂರಿ ಸಿಗುತ್ತದೆ. ಅಮೆರಿಕಕ್ಕೆ ಹೋಗುವವರಂತೂ ಅಕ್ಕಿಯ ಮಾತೇ ಎತ್ತಬಾರದು. ಖಾಪ್ರಾ ಎಂಬ ಕಾಳಿನ ಹುಳುವಿನ ಭಯದಿಂದ ಭಾರತದ ಪ್ರಯಾಣಿಕರು ತರುವ ಅಕ್ಕಿಯನ್ನು ಅಲ್ಲಿ ಒಳಗೆ ಬಿಡುವುದಿಲ್ಲ.

ಪವರ್ ಬ್ಯಾಂಕಿಗೆ ಉಪ್ಪಿನಕಾಯಿಯದಕ್ಕೆ ವಿರುದ್ಧವಾದ ನಿಯಮ: ಅದು ಕೈಚೀಲದಲ್ಲೇ ಇರಬೇಕು, ಪೆಟ್ಟಿಗೆಯಲ್ಲಿ ಇರಕೂಡದು. ಗುಳಿಗೆಗಳೂ ವೈದ್ಯರ ಚೀಟಿಯೊಂದಿಗೆ ಕೈಚೀಲದಲ್ಲೇ ಇರಲಿ.

ಪ್ರಶ್ನೆ: ತಾಯಿಯವರಿಗೆ 71 ವರ್ಷ, ಮಂಡಿನೋವು ಇದೆ. ದೋಹಾದಲ್ಲಿ ವಿಮಾನ ಬದಲಿಸಿ ಅಮೆರಿಕಕ್ಕೆ ಒಬ್ಬರೇ ಹೋಗುವವರಿದ್ದಾರೆ. (ಶಿಕ್ಷಕರೊಬ್ಬರು, ಕೊಪ್ಪಳ)

ಉತ್ತರ: ಗಾಲಿಕುರ್ಚಿಯನ್ನು ಟಿಕೆಟ್ ಮಾಡಿಸುವಾಗಲೇ, ತಡವೆಂದರೆ 48 ತಾಸು ಮೊದಲು, ವಿಮಾನ ಕಂಪನಿಗೆ ತಿಳಿಸಿ ಕಾದಿರಿಸಿರಿ. ಮೆಟ್ಟಿಲು ಹತ್ತಬಲ್ಲರೆ ‘ಡಬ್ಲ್ಯುಸಿಎಚ್‌ಆರ್’, ಹತ್ತಲಾರರಾದರೆ ‘ಡಬ್ಲ್ಯುಸಿಎಚ್‌ಎಸ್’ ಎಂದು ಬರೆಸಬೇಕು. ಈ ಒಂದು ಅಕ್ಷರ ತಪ್ಪಿದರೆ ವಿಮಾನದ ಬುಡದಲ್ಲಿ ಮೆಟ್ಟಿಲಿನ ಮುಂದೆ ನಿಲ್ಲಬೇಕಾದೀತು. ಬೆಂಗಳೂರು, ದೋಹಾ, ಅಮೆರಿಕ ಮೂರೂ ಕಡೆಗೆ ಕೋರಿಕೆ ದಾಖಲಾಗಿದೆಯೇ ಎಂದು ನೋಡಿರಿ.

ಎರಡೂ ವಿಮಾನಗಳು ಒಂದೇ ಟಿಕೆಟ್ಟಿನಲ್ಲಿದ್ದರೆ ಬೆಂಗಳೂರಿನಲ್ಲೇ ಎರಡು ಬೋರ್ಡಿಂಗ್ ಪಾಸು ಕೇಳಿ ಪಡೆಯಲಿ. ದೋಹಾದಲ್ಲಿ ಲಗೇಜಿನ ಗೋಜಿಲ್ಲ, ಆದರೆ ಅಮೆರಿಕದಲ್ಲಿ ಮೊದಲು ಇಳಿಯುವ ಊರಿನಲ್ಲಿ ಅದನ್ನು ಎತ್ತಿಕೊಳ್ಳಬೇಕು. ದೋಹಾದ ಹಮದ್ ನಿಲ್ದಾಣದ ನಡುಮನೆಯಲ್ಲಿ ತಲೆಯ ಮೇಲೆ ದೀಪ ಹೊತ್ತ, ಏಳು ಮೀಟರ್ ಎತ್ತರದ ಹಳದಿ ಕರಡಿಯೊಂದಿದೆ. ಯಾರಿಗಾದರೂ ಫೋನಿನಲ್ಲಿ ತಾನಿರುವ ಜಾಗ ಹೇಳಬೇಕಾದರೆ ಗೇಟಿನ ಸಂಖ್ಯೆಗಿಂತ ಅದು ಸುಲಭ.

ಪ್ರಶ್ನೆ: ಒಂಬತ್ತನೇ ತರಗತಿಯವರೆಗೆ ಓದಿದ ತಮ್ಮನಿಗೆ ಸೌದಿಯಲ್ಲಿ ಕೆಲಸ ಸಿಕ್ಕಿದೆ. ಭೇಟಿ ವೀಸಾದಲ್ಲಿ ಹೋಗಲಿ, ಆಮೇಲೆ ನೋಡಿಕೊಳ್ಳೋಣ ಎನ್ನುತ್ತಾನೆ ಏಜೆಂಟ್. (ಓದುಗರು, ಮಾನ್ವಿ)

ಉತ್ತರ: ಕಳಿಸಬೇಡಿ. ಹತ್ತನೇ ತರಗತಿ ಪಾಸಾಗದವರ ಪಾಸ್‌ಪೋರ್ಟು ಸಾಮಾನ್ಯವಾಗಿ ‘ಇಸಿಆರ್’ ವರ್ಗದ್ದು, ಅಂದರೆ ದುಡಿಯಲು ಹೋಗುವ ಮೊದಲು ಸರ್ಕಾರದ ಪರಿಶೀಲನೆ ಬೇಕಾದದ್ದು. 1983ರ ವಲಸೆ ಕಾಯ್ದೆಯ ಪ್ರಕಾರ ಅಂಥವರು ಕೊಲ್ಲಿ ದೇಶಗಳೂ ಸೇರಿದಂತೆ 18 ದೇಶಗಳಿಗೆ ದುಡಿಯಲು ಹೋಗುವಾಗ ಕೇಂದ್ರ ಸರ್ಕಾರದ ‘ಇ-ಮೈಗ್ರೇಟ್’ ಜಾಲತಾಣದ ಮೂಲಕ ಅನುಮತಿ ಪಡೆದಿರಬೇಕು. ಭೇಟಿಗೆಂದು ಹೋಗುವವರಿಗೆ ಅದು ಬೇಡ, ಏಜೆಂಟನ ಉಪಾಯ ಇರುವುದೂ ಅಲ್ಲಿಯೇ. ಇಮಿಗ್ರೇಷನ್ ಅಧಿಕಾರಿ ನಾಲ್ಕು ಪ್ರಶ್ನೆ ಕೇಳಿದರೆ ನಿಮ್ಮ ತಮ್ಮ ಸಿಕ್ಕಿಬೀಳುತ್ತಾರೆ, ಅಲ್ಲಿ ದಾಟಿದರೂ ಸೌದಿಯಲ್ಲಿ ಕೂಲಿ ಕೊಡದಿದ್ದರೆ ಕೇಳುವ ಹಕ್ಕು ಉಳಿಯದು. ಏಜೆಂಟನ ನೋಂದಣಿ ಸಂಖ್ಯೆಯನ್ನು ಕೇಳಿ ಇ-ಮೈಗ್ರೇಟ್ ತಾಣದಲ್ಲಿ ಹುಡುಕಿರಿ.

ಪ್ರಶ್ನೆ: ರಾಯಚೂರಿನವರಿಗೆ ಬೆಂಗಳೂರು ಅನುಕೂಲವೋ, ಹೈದರಾಬಾದೋ? (ವಿದ್ಯಾರ್ಥಿನಿ, ರಾಯಚೂರು)

ಉತ್ತರ: ಟಿಕೆಟ್ ದರದಲ್ಲಿ ಭಾರೀ ಅಂತರವಿಲ್ಲದಿದ್ದರೆ ಹೈದರಾಬಾದ್. ಶಕ್ತಿನಗರದಲ್ಲಿ ಕೃಷ್ಣೆಯನ್ನು ದಾಟಿ ಮಕ್ತಲ್, ಮಹಬೂಬ್‌ನಗರ, ಜಡ್ಚರ್ಲಾ, ಶಾದ್‌ನಗರದ ಮೇಲೆ ಹೋದರೆ ಸುಮಾರು ನಾಲ್ಕು ತಾಸಿನ ದಾರಿ; ನಿಲ್ದಾಣವಿರುವ ಶಂಶಾಬಾದ್ ಹೈದರಾಬಾದಿಗಿಂತ ಮೊದಲೇ ಸಿಗುವುದರಿಂದ ನಗರದೊಳಗೆ ಕಾಲಿಡಬೇಕಾಗಿಲ್ಲ. ಅಲ್ಲಿ ದೇಶದೊಳಗಿನ ಮತ್ತು ಹೊರದೇಶದ ವಿಮಾನಗಳೆರಡಕ್ಕೂ ಒಂದೇ ಟರ್ಮಿನಲ್ ಕಟ್ಟಡ, ಕಾರಿನವರಿಗೆ ಟಿ-2 ಎಂದು ಹೇಳುವ ತಾಪತ್ರಯವೂ ಇಲ್ಲ.