ಪ್ರತಿಕ್ರಿಯೆ: ತಿಂಗಳಿಗೆ 3,000 ಉಳಿಯುತ್ತೆ, ಎಸ್‌ಐಪಿ ಶುರು ಮಾಡಲಾ?

ಖಾತೆಯಲ್ಲಿ 2 ಲಕ್ಷ ಇದೆ, ತಿಂಗಳಿಗೆ 3,000 ಉಳಿಯುತ್ತೆ, ಮಾರ್ಕೆಟ್ ಬಿದ್ದರೆ ಗತಿ ಏನು ಅಂತ ಕೇಳಿದ್ದೀರಿ. ಎಸ್‌ಐಪಿ, ಅಂದರೆ ಪ್ರತಿ ತಿಂಗಳು ಮ್ಯೂಚುವಲ್ ಫಂಡ್‌ಗೆ ಇಷ್ಟು ಅಂತ ಹಾಕೋದು, ಶುರು ಮಾಡಿ ಸರ್. ಆದರೆ ಆ 2 ಲಕ್ಷ ಮುಟ್ಟಬೇಡಿ. ಆಸ್ಪತ್ರೆ, ಕೆಲಸ ಹೋಗೋದು, ಇಂಥದ್ದಕ್ಕೆ ಅದು ಇರಲಿ. ಬೇಕಾದರೆ ಎಫ್‌ಡಿಗೆ ಹಾಕಿ, ಉಳಿತಾಯ ಖಾತೆಗಿಂತ ಬಡ್ಡಿ ಜಾಸ್ತಿ.

3,000ದಲ್ಲಿ 1,000 ಪಿಪಿಎಫ್‌ಗೆ (ಸರ್ಕಾರದ ದೀರ್ಘಾವಧಿ ಉಳಿತಾಯ ಯೋಜನೆ) ಹೋಗಲಿ. 15 ವರ್ಷದ ಲೆಕ್ಕ, ಬಡ್ಡಿಗೆ ತೆರಿಗೆ ಇಲ್ಲ, ಪೋಸ್ಟ್ ಆಫೀಸಿನಲ್ಲೇ ತೆರೆಯಬಹುದು. ಉಳಿದ 2,000 ನಿಫ್ಟಿ 50 ಇಂಡೆಕ್ಸ್ ಫಂಡ್‌ಗೆ, ಅಂದರೆ ದೇಶದ 50 ದೊಡ್ಡ ಕಂಪನಿಗಳ ಷೇರುಗಳಲ್ಲಿ ದುಡ್ಡು ಹಾಕುವ ಫಂಡ್‌ಗೆ. ಫಾರಂ ತುಂಬುವಾಗ ಹೆಸರಿನಲ್ಲಿ ‘ಡೈರೆಕ್ಟ್’ ಅಂತ ಇದೆಯಾ ನೋಡಿ. ‘ರೆಗ್ಯುಲರ್’ ಇದ್ದರೆ ಪ್ರತಿ ವರ್ಷ ಏಜೆಂಟರ ಕಮಿಷನ್ ನಿಮ್ಮ ದುಡ್ಡಿನಿಂದಲೇ ಹೋಗುತ್ತೆ, ಸುಮ್ನೆ ಯಾಕೆ?

ಮಾರ್ಕೆಟ್ ಬೀಳೋದಂತೂ ಗ್ಯಾರಂಟಿ. 2020ರ ಜನವರಿಯಲ್ಲಿ 12,000ದ ಮೇಲಿದ್ದ ನಿಫ್ಟಿ ಸೂಚ್ಯಂಕ ಮಾರ್ಚ್‌ನಲ್ಲಿ 8,000ಕ್ಕಿಂತ ಕೆಳಗೆ ಬಂತು. ಹೆದರಿ ಮಾರಿದವರಿಗೆ ನಷ್ಟ ಕೈಗೆ ಬಂತು. ಸುಮ್ಮನೆ ಕೂತವರಿಗೆ ನವೆಂಬರ್ ಹೊತ್ತಿಗೆ ಹಳೇ ಮಟ್ಟ ವಾಪಸ್ ಸಿಕ್ಕಿತು. ಪ್ರತಿ ಸಲ ಇಷ್ಟು ಬೇಗ ಏಳಲ್ಲ, ವರ್ಷಗಟ್ಟಲೆ ಕಾದದ್ದೂ ಉಂಟು. ಅದಕ್ಕೇ ಐದಾರು ವರ್ಷದೊಳಗೆ ಬೇಕಾಗುವ ದುಡ್ಡನ್ನು, ಮಗಳ ಕಾಲೇಜು ಫೀಸು ಅಂದಿರಲ್ವಾ, ಅದನ್ನು ಇಲ್ಲಿ ಹಾಕಬೇಡಿ. ಅದಕ್ಕೆ ತಿಂಗಳು ತಿಂಗಳು ಕಟ್ಟುವ ಆರ್‌ಡಿ ಸಾಕು.

ನಾಮಿನಿ ಹೆಸರು ಮಾತ್ರ ಇವತ್ತೇ ಹಾಕಿಸಿ.